ಬಕೆಟ್‌ನಲ್ಲಿದ್ದ ಆಮೆ ಮತ್ತು ಡಾಕ್ಟರ್ ಬುಕಾನನ್

ನಮ್ಮ ಮನೆ ಗೂಳೂರಿನಲ್ಲಿದೆ. ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ನಮ್ಮೂರು ಬರುತ್ತದೆ. ಗೂಳೂರು ಎಂದರೆ ಎಲ್ಲರಿಗೂ ನೆನಪಾಗುವುದು ದೊಡ್ಡ ಗಣೇಶ. ಆ ಗಣೇಶನನ್ನು ಮಾಡುವುದು ನಮ್ಮೂರ ಕೆರೆಯ ಮಣ್ಣಿನಿಂದ. ಅದೇ ಕೆರೆಯ ಕೆಸರಿನಿಂದ ಕಳೆದ ವರ್ಷ ಮೊದಲ ಮಳೆ ಬಿದ್ದ ಮಾರನೆಯ ದಿನ ನನ್ನ ತಮ್ಮ ಒಂದು ಆಮೆಯನ್ನು ಹಿಡಿದು ತಂದ.

ಅದನ್ನು ಬಟ್ಟೆ ಒಗೆಯುವ ಬಕೆಟ್‌ನಲ್ಲಿ ಹಾಕಿ, ಆಪಾ ಬಾ, ನೋಡು ಬಾ ಎಂದು ಕೂಗಿದ. ನಾನು ಹೋಗಿ ಎತ್ತಿಕೊಂಡೆ. ಚಿಪ್ಪು ಕಲ್ಲಿನ ಹಾಗೆ ಇರುತ್ತದೆ ಎಂದುಕೊಂಡಿದ್ದೆ. ಆದರೆ ಅದರ ಮೇಲೆ ನುಣುಪಾದ ತೊಗಲು ಇತ್ತು. ಅದು ತಲೆ ಒಳಗೆ ಎಳೆದುಕೊಂಡಿತು. ಹಿಂಗಾಲು ಎಳೆದುಕೊಂಡ ಮೇಲೆ ಹೊಟ್ಟೆಯ ಕಡೆಯಿಂದ ಎರಡು ಮುಚ್ಚಳ ಬಂದು ಬಾಗಿಲು ಹಾಕಿದ ಹಾಗೆ ಮುಚ್ಚಿಕೊಂಡವು. ಅಷ್ಟರಲ್ಲಿ ಎಂಥದೋ ಕೆಟ್ಟ ವಾಸನೆ ಬಂತು. ಸತ್ತ ಇಲಿಯೇನಾದರೂ ಇದೆಯೇ ಎಂದು ಅಮ್ಮಿ ಅಡುಗೆಮನೆಯಿಂದ ಬಂದು ಹುಡುಕಿದರು. ವಾಸನೆ ನನ್ನ ಕೈಯಿಂದ ಬರುತ್ತಿತ್ತು. ಮೂರು ಸಲ ಸೋಪು ಹಾಕಿ ತೊಳೆದೆ.

ಆ ವಾರವೇ ಕನ್ನಡ ಉಪನ್ಯಾಸಕರು ನಮ್ಮ ತರಗತಿಗೆ ಒಂದು ಕೆಲಸ ಕೊಟ್ಟಿದ್ದರು. ತೀರಿಹೋದ ಪ್ರಸಿದ್ಧ ವ್ಯಕ್ತಿಯೊಬ್ಬರ ಜೀವನವನ್ನು ಬರೆದು ತರಬೇಕು. ಗೆಳತಿಯರೆಲ್ಲ ಅಬ್ದುಲ್ ಕಲಾಂ, ಮೌಲಾನಾ ಆಜಾದ್, ಟಿಪ್ಪು ಸುಲ್ತಾನ್ ಎಂದು ಹಂಚಿಕೊಂಡುಬಿಟ್ಟಿದ್ದರು. ನನಗೆ ಯಾರೂ ಉಳಿದಿರಲಿಲ್ಲ. ನಾನು ಗ್ರಂಥಾಲಯಕ್ಕೆ ಹೋಗಿದ್ದು ಆಮೆಯ ಬಗ್ಗೆ ತಿಳಿಯಲು. ಅಲ್ಲಿದ್ದ ಜೀವಶಾಸ್ತ್ರದ ಮೇಡಂ ಒಂದು ಪುಸ್ತಕ ತೆಗೆದು ಭಾರತದ ಸಿಹಿನೀರಿನ ಆಮೆಗಳ ಚಿತ್ರ ತೋರಿಸಿದರು. ನಮ್ಮ ಬಕೆಟ್‌ನಲ್ಲಿದ್ದದ್ದು ಲಿಸ್ಸೆಮಿಸ್ ಪಂಕ್ಟೇಟಾ. ಪಕ್ಕದ ಪುಟದಲ್ಲಿ ಕಪ್ಪು ಚಿಪ್ಪಿನ ಮೇಲೆ ಹಳದಿ ಚುಕ್ಕೆಗಳಿದ್ದ ಬಹಳ ಚೆಂದದ ಆಮೆ ಒಂದಿತ್ತು. ಅದರ ಹೆಸರು ಜಿಯೊಕ್ಲೆಮಿಸ್ ಹ್ಯಾಮಿಲ್ಟೋನಿ. ಯಾರು ಈ ಹ್ಯಾಮಿಲ್ಟನ್ ಎಂದು ಕೇಳಿದೆ. ಅಲ್ಲೇ ಪೇಪರ್ ಓದುತ್ತಿದ್ದ ಇತಿಹಾಸದ ಸರ್ ತಲೆ ಎತ್ತಿ, ಆ ಹ್ಯಾಮಿಲ್ಟನ್ ಬೇರೆ ಯಾರೂ ಅಲ್ಲ, ನಮ್ಮ ತುಮಕೂರಿಗೂ ಗುಬ್ಬಿಗೂ ಬಂದುಹೋದ ಬುಕಾನನ್ ಎಂದರು. ನನಗೆ ವ್ಯಕ್ತಿ ಸಿಕ್ಕಿಬಿಟ್ಟರು.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ಅವರ ತಂದೆ ವೈದ್ಯರು. ಆಸ್ತಿವಂತರ ಮನೆಯಾದರೂ ಇವರು ಹಿರಿಯ ಮಗನಲ್ಲ. ಅಲ್ಲಿಯ ಪದ್ಧತಿಯಂತೆ ಆಸ್ತಿ ಹಿರಿಯರಿಗೆ ಹೋಗುತ್ತಿತ್ತು. ಕಿರಿಯರು ಓದಿ ದುಡಿದು ಬದುಕಬೇಕಿತ್ತು. ಬುಕಾನನ್ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಔಷಧವೆಂದರೆ ಹೆಚ್ಚಿನದು ಗಿಡಮೂಲಿಕೆ. ಆದ್ದರಿಂದ ವೈದ್ಯರಾಗುವವರು ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು. ಅಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರ ಬಳಿ ಕಲಿತ ಸಸ್ಯಶಾಸ್ತ್ರ ಇವರ ಜೀವನದ ದಾರಿಯನ್ನೇ ತಿರುಗಿಸಿತು.

ಓದು ಮುಗಿದ ಮೇಲೆ ಕೆಲವು ವರ್ಷ ಏಷ್ಯಾ ಕಡೆಗೆ ಬರುವ ಹಡಗುಗಳಲ್ಲಿ ವೈದ್ಯರಾಗಿ ದುಡಿದರು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮಾರನೆಯ ವರ್ಷವೇ ಬರ್ಮಾದ ರಾಜನ ಬಳಿಗೆ ಹೊರಟ ಕಂಪನಿಯ ನಿಯೋಗದ ಜೊತೆ ವೈದ್ಯರಾಗಿ ಹೋದರು. ಹೋದ ಕೆಲಸ ರೋಗಿಗಳನ್ನು ನೋಡುವುದು. ಆದರೆ ಅವರು ದಾರಿಯುದ್ದಕ್ಕೂ ಗಿಡಗಳನ್ನು ಕೂಡಿಸುತ್ತಾ ಬರೆಯುತ್ತಾ ಹೋದರು. ಮುಂದೆ ಅವರನ್ನು ಎಲ್ಲಿಗೆ ಕಳಿಸಿದರೂ ಇದೇ ಆಯಿತು. ಕಂಪನಿ ಹೇಳಿದ ಒಂದು ಕೆಲಸ, ತಾವಾಗಿ ಮಾಡಿದ ಇನ್ನೊಂದು ಕೆಲಸ.

ಈಗ ನಮ್ಮ ಕಡೆಯ ಕಥೆಗೆ ಬರುತ್ತೇನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಮ್ಮ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯಬೇಕಿತ್ತು. ಏನು ಬೆಳೆಯುತ್ತದೆ, ಯಾವ ಊರಿನ ಸಂತೆಯಲ್ಲಿ ಏನು ಮಾರಾಟವಾಗುತ್ತದೆ, ಬೆಲೆ ಎಷ್ಟು, ತೂಕ ಅಳತೆ ಯಾವುದು, ಜನರ ಕಸುಬು ಏನು ಎಂಬುದನ್ನೆಲ್ಲ ಬರೆದುಕೊಂಡು ಬರಲು ಬುಕಾನನ್ ಅವರನ್ನು ಕಳಿಸಿದರು. ಅವರು 1800ರ ಏಪ್ರಿಲ್ 23ರಂದು ಮದ್ರಾಸಿನಿಂದ ಹೊರಟು 1801ರ ಜುಲೈ 6ರವರೆಗೆ ತಿರುಗಿದರು. ಕೋಲಾರ, ಬೆಂಗಳೂರು, ಶ್ರೀರಂಗಪಟ್ಟಣ, ಮಧುಗಿರಿ, ಸಿರಾ, ಮುಂದೆ ಮಲಬಾರು, ಕೆನರಾ ಎಲ್ಲವನ್ನೂ ನೋಡಿದರು. ಆ ದಾರಿಯಲ್ಲೇ 1800ರಲ್ಲಿ ತುಮಕೂರು, ಗುಬ್ಬಿಗಳಿಗೂ ಬಂದರು. ಕನ್ನಡ ಬಾರದ ಕಾರಣ ದುಭಾಷಿಗಳ ಮೂಲಕ ರೈತರನ್ನೂ ನೇಕಾರರನ್ನೂ ವರ್ತಕರನ್ನೂ ಕೇಳಿ ಬರೆದುಕೊಂಡರು. ಗುಬ್ಬಿಯ ಪೇಟೆಯನ್ನೂ ಅಲ್ಲಿಯ ವ್ಯಾಪಾರವನ್ನೂ ಅವರು ವಿವರವಾಗಿ ದಾಖಲಿಸಿದ್ದಾರೆ. ಈ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ವಾಣಿಜ್ಯ ವಿದ್ಯಾರ್ಥಿನಿಯಾದ ನನಗೆ ಇದು ಬಹಳ ಹಿಡಿಸಿತು. ಇನ್ನೂರು ವರ್ಷದ ಹಿಂದಿನ ನಮ್ಮ ಜಿಲ್ಲೆಯ ತೂಕ, ಬೆಲೆ, ಸರಕು ತಿಳಿಯಬೇಕೆಂದರೆ ಇವತ್ತಿಗೂ ಸಂಶೋಧಕರು ಈ ಪುಸ್ತಕ ತೆರೆಯುತ್ತಾರೆ. ಆದರೆ ನಾನು ಈ ಹೆಸರು ಹೇಳಿದಾಗ ಗೆಳತಿಯೊಬ್ಬಳು ಸಿಟ್ಟಾದಳು. ಟಿಪ್ಪುವನ್ನು ಕೊಂದವರ ಲೆಕ್ಕದ ಗುಮಾಸ್ತನ ಬಗ್ಗೆ ಬರೆಯುತ್ತೀಯಾ ಎಂದು ಕೇಳಿದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಗೆದ್ದ ಸೀಮೆಯಿಂದ ಎಷ್ಟು ಬರುತ್ತದೆ ಎಂದು ತಿಳಿಯಲಿಕ್ಕೇ ಕಂಪನಿ ಅವರನ್ನು ಕಳಿಸಿದ್ದು. ಟಿಪ್ಪುವಿನ ಆಡಳಿತದ ಬಗ್ಗೆ ಅವರು ಬರೆದದ್ದನ್ನು ಗೆದ್ದವರ ಕಡೆಯವರ ಬರಹವೆಂದು ನೆನಪಿಟ್ಟುಕೊಂಡೇ ಓದಬೇಕು ಎಂದು ಇತಿಹಾಸದ ಸರ್ ಕೂಡ ಹೇಳಿದರು. ಎರಡು ದಿನ ನಾನು ಬರೆಯುವುದನ್ನೇ ನಿಲ್ಲಿಸಿದ್ದೆ. ಆಮೇಲೆ ಅವರ ಮುಂದಿನ ಜೀವನ ಓದಿದಾಗ ಮತ್ತೆ ಪೆನ್ನು ಹಿಡಿದೆ.

1802ರಲ್ಲಿ ಅವರು ನೇಪಾಳಕ್ಕೆ ಹೋದರು. ಆಮೇಲೆ ಕಲ್ಕತ್ತದ ಹತ್ತಿರ ಬ್ಯಾರಕ್‌ಪುರದಲ್ಲಿ ವೆಲ್ಲೆಸ್ಲಿ ಕಟ್ಟಿಸಿದ ಪ್ರಾಣಿಸಂಗ್ರಹಾಲಯದ ಉಸ್ತುವಾರಿ ನೋಡಿಕೊಂಡರು. ಅಲ್ಲಿಗೆ ಬಂದ ಪ್ರಾಣಿ ಪಕ್ಷಿಗಳನ್ನು ವರ್ಣಿಸಿ ಬರೆಯುವುದು, ಚಿತ್ರ ಬರೆಸುವುದು ಅವರ ಕೆಲಸ. ಆ ಚಿತ್ರಗಳನ್ನು ಬರೆದವರು ಭಾರತೀಯ ಕಲಾವಿದರು. ಅವರಲ್ಲಿ ಹಲುದಾರ್ ಎಂಬ ಬಂಗಾಳಿ ಕಲಾವಿದರ ಹೆಸರು ಈಗಲೂ ಉಳಿದಿದೆ. ಆಗ ಕ್ಯಾಮೆರಾ ಇರಲಿಲ್ಲ. ಒಂದು ಆಮೆಗೆ ಎಷ್ಟು ಉಗುರು, ಚಿಪ್ಪಿನ ಮೇಲೆ ಎಷ್ಟು ಫಲಕ ಎಂದು ಎಣಿಸಿ ಸರಿಯಾಗಿ ಬರೆಯುವ ಕಲಾವಿದ ಇಲ್ಲದಿದ್ದರೆ ವಿಜ್ಞಾನಿಯ ಬರಹಕ್ಕೆ ಬೆಲೆಯೇ ಇರುತ್ತಿರಲಿಲ್ಲ.

1807ರಿಂದ 1814ರವರೆಗೆ ಏಳು ವರ್ಷ ಅವರು ಬಂಗಾಳ, ಬಿಹಾರದ ಜಿಲ್ಲೆಗಳನ್ನು ಸರ್ವೆ ಮಾಡಿದರು. ಕಂಪನಿಗೆ ಬೇಕಾದದ್ದು ಜಮೀನು, ಜನ, ಕಸುಬುಗಳ ಲೆಕ್ಕ. ಅದರ ಜೊತೆಗೆ ಅವರು ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಒಂದೊಂದಾಗಿ ನೋಡಿ ಬರೆದರು. ಮೀನುಗಳಿಗೆ ವೈಜ್ಞಾನಿಕ ಹೆಸರು ಇಡುವಾಗ ಎಷ್ಟೋ ಕಡೆ ಅವರು ಅಲ್ಲಿಯ ಜನ ಕರೆಯುವ ಹೆಸರನ್ನೇ ಉಳಿಸಿಕೊಂಡರು. ರೋಹಿತ, ಕಾಟ್ಲಾ, ಮೃಗಾಲ, ಟೆಂಗರ ಹೀಗೆ. ದೊರೆಗಳ ಹೆಸರಿಟ್ಟು ಅವರನ್ನು ಖುಷಿಪಡಿಸಬಹುದಿತ್ತು. ಹಾಗೆ ಮಾಡದೆ ಬಲೆ ಎಳೆಯುವವರ ಬಾಯಲ್ಲಿದ್ದ ಮಾತನ್ನು ಜಗತ್ತಿನ ವಿಜ್ಞಾನದೊಳಗೆ ತಂದರು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಅಬ್ಬಾ ಮೀನು ವ್ಯಾಪಾರಿ. ಹತ್ತನೆಯ ತರಗತಿಯಿಂದ ಅವರ ಲೆಕ್ಕದ ಪುಸ್ತಕ ಬರೆಯುವುದು ನಾನೇ. ಕಾಟ್ಲಾ ಇಷ್ಟು ಕೆಜಿ, ರೋಹು ಇಷ್ಟು ಕೆಜಿ, ಮೃಗಾಲ್ ಇಷ್ಟು ಕೆಜಿ ಎಂದು ಪ್ರತಿ ಭಾನುವಾರ ಬರೆಯುತ್ತೇನೆ. ಇವು ಮೂರೂ ಉತ್ತರದ ನದಿಗಳ ಮೀನುಗಳು. ಮರಿಗಳನ್ನು ತಂದು ನಮ್ಮ ಕಡೆಯ ಕೆರೆಗಳಿಗೆ ಬಿಟ್ಟು ಬೆಳೆಸುತ್ತಾರೆ. ಈ ಮೂರಕ್ಕೂ 1822ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರು ಗುಬ್ಬಿಯ ಪೇಟೆ ನೋಡಿಹೋದ ಅದೇ ಬುಕಾನನ್ ಎಂದು ತಿಳಿದಾಗ ನಾನು ಲೆಕ್ಕದ ಪುಸ್ತಕ ತೆಗೆದು ಮತ್ತೊಮ್ಮೆ ನೋಡಿದೆ. ಇವತ್ತು ಪ್ರಪಂಚದ ಪ್ರಯೋಗಾಲಯಗಳಲ್ಲಿ ಬಳಸುವ ಜೀಬ್ರಾ ಮೀನಿಗೆ ಹೆಸರು ಕೊಟ್ಟವರೂ ಅವರೇ.

ಆದರೆ ಅವರ ಕೊನೆಯ ವರ್ಷಗಳು ಸುಖವಾಗಿರಲಿಲ್ಲ. 1814ರಲ್ಲಿ ಕಲ್ಕತ್ತದ ಸಸ್ಯೋದ್ಯಾನದ ಮುಖ್ಯಸ್ಥರಾದರು. ಆರೋಗ್ಯ ಕೆಟ್ಟಿತ್ತು. 1815ರಲ್ಲಿ ಊರಿಗೆ ಹೊರಟಾಗ ತಾವು ಇಷ್ಟು ವರ್ಷ ಬರೆಸಿದ ಚಿತ್ರಗಳನ್ನು ಜೊತೆಗೆ ಒಯ್ಯಲು ಕೇಳಿದರು. ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಮೋಯ್ರಾ ಬಿಡಲಿಲ್ಲ. ಚಿತ್ರಗಳು ಕಂಪನಿಯ ಸೊತ್ತು ಎಂದು ಇಲ್ಲೇ ಉಳಿಸಿಕೊಂಡರು. ಮೀನಿನ ಪುಸ್ತಕ ಕೊನೆಗೆ 1822ರಲ್ಲಿ ಎಡಿನ್‌ಬರೋದಲ್ಲಿ ಬಂದಾಗ ಅದರಲ್ಲಿ 39 ಚಿತ್ರಪುಟಗಳು ಮಾತ್ರ ಇದ್ದವು. ವಿಜ್ಞಾನಕ್ಕೆ ಹೊಸದಾದ ನೂರಕ್ಕೂ ಹೆಚ್ಚು ಜಾತಿಗಳ ವರ್ಣನೆ ಅದರಲ್ಲಿತ್ತು. ಬಂಗಾಳದ ಸರ್ವೆಯ ಬರಹ ಅವರ ಜೀವಮಾನದಲ್ಲಿ ಅಚ್ಚಾಗಲೇ ಇಲ್ಲ. 1838ರಲ್ಲಿ ಮಾಂಟ್ಗೊಮೆರಿ ಮಾರ್ಟಿನ್ ಎಂಬವರು ಅದನ್ನು ಕಡಿಮೆ ಮಾಡಿ ತಮ್ಮ ಹೆಸರಿನಲ್ಲಿ ಪ್ರಕಟಿಸಿದರು. ಬೇರೆಯವರ ನಾಡಿನ ಲೆಕ್ಕವನ್ನು ಕಂಪನಿಗೆ ಬರೆದುಕೊಟ್ಟ ಮನುಷ್ಯನ ಸ್ವಂತ ದುಡಿಮೆಯನ್ನು ಕಂಪನಿಯೇ ಇಟ್ಟುಕೊಂಡಿತು. ಇದನ್ನು ಗೆಳತಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಬರೆ ಎಂದಳು.

ತಾಯಿಯ ಕಡೆಯ ಆಸ್ತಿ ಬಂದಾಗ ಅವರು ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಇಟ್ಟುಕೊಂಡರು. ಅದಕ್ಕೇ ಪುಸ್ತಕಗಳಲ್ಲಿ ಒಂದು ಕಡೆ ಬುಕಾನನ್, ಇನ್ನೊಂದು ಕಡೆ ಹ್ಯಾಮಿಲ್ಟನ್ ಎಂದಿರುವುದು. 1829ರ ಜೂನ್ 15ರಂದು, 67ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾದ ಒಂದೆರಡು ವರ್ಷದಲ್ಲೇ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞರು ಸಿಂಧೂ, ಗಂಗಾ, ಬ್ರಹ್ಮಪುತ್ರಾ ಬಯಲಿನ ಆ ಚುಕ್ಕೆ ಆಮೆಗೆ ಹ್ಯಾಮಿಲ್ಟನ್ನರ ಹೆಸರಿಟ್ಟರು. ಬಸವನಹುಳುಗಳನ್ನು ತಿಂದು ಬದುಕುವ ಈ ಆಮೆ ಇವತ್ತು ಅಳಿವಿನ ಅಂಚಿನಲ್ಲಿದೆ. ಅದರ ಚುಕ್ಕೆಗಳ ಚೆಂದವೇ ಅದಕ್ಕೆ ಶತ್ರು. ಕಳ್ಳಸಾಗಣೆ ಮಾಡುವವರು ಮರಿಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ವಿಮಾನದಲ್ಲಿ ಒಯ್ಯುತ್ತಾರೆ.

ಅದೇ ಗ್ರೇ 1831ರಲ್ಲಿ ಗಂಗೆಯ ಇನ್ನೊಂದು ಆಮೆಗೆ ಕಚುಗ ಎಂದು ಹೆಸರಿಟ್ಟರು. ಈಗ ಅದು ಬಟಾಗುರ್ ಕಚುಗ. ಇದನ್ನು ಓದಿ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಆಮೆಗೆ ಕಛುವಾ ಎನ್ನುತ್ತೇವೆ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಆಮೆ ಮೊಲದ ಕಥೆ ಹೇಳುತ್ತಾ ನಾನು ಬಾಯಿತಪ್ಪಿ ಕಛುವಾ ಎಂದುಬಿಟ್ಟಿದ್ದೆ. ಇಡೀ ತರಗತಿ ನಕ್ಕಿತ್ತು. ಆಮೇಲೆ ಬಹಳ ದಿನ ನಾನು ಕನ್ನಡದಲ್ಲಿ ಎದ್ದುನಿಂತು ಮಾತಾಡುತ್ತಿರಲಿಲ್ಲ. ನಮ್ಮ ದಾದಿಮಾ ಬಳಸುವ ಆ ಮಾತು ವಿಜ್ಞಾನದ ಪುಸ್ತಕದಲ್ಲಿ ಇನ್ನೂರು ವರ್ಷದಿಂದ ಕೂತಿದೆ ಎಂದು ಆಗ ಗೊತ್ತಿರಲಿಲ್ಲ.

ಇನ್ನು ಬಕೆಟ್‌ನ ಆಮೆಯ ವಿಷಯ. ವಾಸನೆ ಏಕೆ ಬಂತು ಎಂದು ಮೇಡಂ ವಿವರಿಸಿದರು. ಹೆಚ್ಚಿನ ಆಮೆಗಳಿಗೆ ಮೇಲಿನ ಮತ್ತು ಕೆಳಗಿನ ಚಿಪ್ಪು ಸೇರುವ ಅಂಚಿನ ಹತ್ತಿರ ಸಣ್ಣ ಗ್ರಂಥಿಗಳಿರುತ್ತವೆ. ಜರ್ಮನಿಯ ವಿಜ್ಞಾನಿ ರಾಥ್ಕೆಯ ಹೆಸರಿನಲ್ಲಿ ಅವನ್ನು ರಾಥ್ಕೆ ಗ್ರಂಥಿ ಎನ್ನುತ್ತಾರೆ. ಹೆದರಿದಾಗ ಸಣ್ಣ ರಂಧ್ರಗಳಿಂದ ನಾರುವ ದ್ರವ ಬಿಡುತ್ತವೆ. ಹಿಡಿದವರು ಅಸಹ್ಯಪಟ್ಟು ಕೆಳಗೆ ಹಾಕಲಿ ಎಂಬುದೇ ಅದರ ಉಪಾಯ. ಉತ್ತರ ಅಮೆರಿಕದ ಸಿಹಿನೀರಿನಲ್ಲಿರುವ ಒಂದು ಚಿಕ್ಕ ಆಮೆಗೆ ಇದೇ ಕಾರಣಕ್ಕೆ ಕಸ್ತೂರಿ ಆಮೆ ಎಂಬ ಹೆಸರಿದೆ. ಕಸ್ತೂರಿಗೆ ಉರ್ದುವಿನಲ್ಲಿ ಮುಶ್ಕ್ ಎನ್ನುತ್ತೇವೆ. ಹಬ್ಬದ ದಿನ ಅಬ್ಬಾ ಹಚ್ಚುವ ಅತ್ತರಿನಲ್ಲಿರುವುದು ಆ ಹೆಸರಿನ ಪರಿಮಳ. ಈ ಆಮೆಯ ಕಸ್ತೂರಿಯನ್ನು ಮಾತ್ರ ಯಾರೂ ಹಚ್ಚಿಕೊಳ್ಳಲಾರರು. ಆ ಆಮೆಯ ನಾಲಿಗೆಯ ಮೇಲೆ ಸಣ್ಣ ಸಣ್ಣ ಗುಬುಟುಗಳಿದ್ದು, ನೀರಿನೊಳಗಿನ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಅದು ಬಹಳ ಹೊತ್ತು ಮುಳುಗಿರಬಲ್ಲದು.

ನಮ್ಮ ಕೆರೆಯ ಆಮೆಯೂ ಕಡಿಮೆಯದಲ್ಲ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದು ಕೆಸರಿನೊಳಗೆ ಹೂತುಕೊಂಡು, ತಿನ್ನದೆ ಅಲುಗಾಡದೆ ತಿಂಗಳುಗಟ್ಟಲೆ ಇರುತ್ತದೆ. ಮಳೆ ಬಿದ್ದಾಗ ಮೇಲೆ ಬರುತ್ತದೆ. ನನ್ನ ತಮ್ಮನಿಗೆ ಸಿಕ್ಕಿದ್ದು ಹಾಗೆ ಮೇಲೆ ಬಂದ ದಿನವೇ ಇರಬೇಕು. ಅದು ಕಪ್ಪೆ, ಮೀನು, ಬಸವನಹುಳು, ನೀರಿನ ಗಿಡ ಎಲ್ಲವನ್ನೂ ತಿನ್ನುತ್ತದೆ. ಸತ್ತ ಪ್ರಾಣಿಯನ್ನೂ ತಿಂದು ನೀರನ್ನು ಶುಚಿಯಾಗಿಡುತ್ತದೆ. ಅದರ ಮೊಟ್ಟೆಗಳು ಗೋಲಿಯ ಹಾಗೆ ದುಂಡಗಿರುತ್ತವೆ. ಚಿಪ್ಪು ಎಂದರೆ ಮೇಲೆ ಹೊದ್ದ ಹೊದಿಕೆ ಅಲ್ಲ, ಅದರ ಬೆನ್ನೆಲುಬೂ ಪಕ್ಕೆಲುಬೂ ಸೇರಿ ಆದದ್ದು. ಆಮೆ ತನ್ನ ಚಿಪ್ಪು ಬಿಟ್ಟು ಹೊರಗೆ ಬರಲಾರದು.

ಇಷ್ಟೆಲ್ಲ ನಾನು ಓದುತ್ತಿದ್ದಾಗ ಮನೆಯಲ್ಲಿ ಬೇರೆ ಮಾತು ನಡೆದಿತ್ತು. ಯಾರೋ ಒಬ್ಬರು ಅಬ್ಬಾಗೆ ಫೋನ್ ಮಾಡಿ ಆಮೆಗೆ ಮೂರು ಸಾವಿರ ರೂಪಾಯಿ ಕೊಡುತ್ತೇನೆ ಎಂದಿದ್ದರು. ಮನೆಯಲ್ಲಿಟ್ಟರೆ ಹಣ ಬರುತ್ತದೆ ಎಂದು ನಂಬಿ ಕೊಳ್ಳುವವರಿದ್ದಾರಂತೆ. ಆ ತಿಂಗಳು ಅಬ್ಬಾ ಅವರ ಗಾಡಿಯ ಸಾಲದ ಕಂತು ಬಾಕಿಯಿತ್ತು. ಅದು ನನಗೇ ಚೆನ್ನಾಗಿ ಗೊತ್ತು, ಲೆಕ್ಕ ಬರೆಯುವವಳು ನಾನು. ರಾತ್ರಿ ಊಟವಾದ ಮೇಲೆ ಪುಸ್ತಕ ತಂದು ಅಬ್ಬಾ ಮುಂದೆ ಇಟ್ಟೆ. ಈ ಜಾತಿಯ ಆಮೆಗೆ ವನ್ಯಜೀವಿ ಕಾಯ್ದೆಯ ಮೊದಲನೆಯ ಷೆಡ್ಯೂಲಿನ ರಕ್ಷಣೆ ಇದೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು ಎಂದು ಹೇಳಿದೆ. ಆಮೇಲೆ, ಈ ಮೂರು ಸಾವಿರವನ್ನು ಯಾವ ಬಾಬ್ತಿನಲ್ಲಿ ಬರೆಯಲಿ ಎಂದು ಕೇಳಿದೆ. ಅಬ್ಬಾ ಬಹಳ ಹೊತ್ತು ಪುಸ್ತಕ ನೋಡಿದರು. ಬರೆಯಲಾಗದ ದುಡ್ಡು ಮನೆಗೆ ಬೇಡ ಎಂದರು. ಕಂತಿಗೆ ಅಮ್ಮಿ ಚೀಟಿ ಎತ್ತಿದರು.

ಮಾರನೆಯ ಸಂಜೆ ಮೂವರೂ ಕೆರೆಗೆ ಹೋದೆವು. ತಮ್ಮ ಅಳುಮುಖ ಮಾಡಿಕೊಂಡೇ ಬಕೆಟ್ ಹಿಡಿದಿದ್ದ. ಅವನು ಹಿಡಿದ ಜಾಗದಲ್ಲೇ, ಜೊಂಡಿನ ಹತ್ತಿರ ಬಿಟ್ಟೆವು. ಒಂದು ನಿಮಿಷ ಅಲ್ಲೇ ಇತ್ತು. ಆಮೇಲೆ ಕತ್ತು ಚಾಚಿ ಕೆಸರಿನೊಳಗೆ ಇಳಿಯಿತು. ಬಿಡುವಾಗಲೂ ಒಂದು ಸಲ ನಾತ ಬಿಟ್ಟೇ ಹೋಯಿತು. ತಮ್ಮ ಅಳುವುದು ಬಿಟ್ಟು ನಕ್ಕ.

ಬುಕಾನನ್ ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಪು ಹೇಳುವಷ್ಟು ನನಗೆ ಗೊತ್ತಿಲ್ಲ. ಅವರು ಯಾರ ಸಂಬಳದಲ್ಲಿದ್ದರು ಎಂಬುದನ್ನು ಮರೆಯಬಾರದು. ಆದರೆ ಕಂಪನಿ ಹೋಯಿತು, ವೆಲ್ಲೆಸ್ಲಿಯ ಲೆಕ್ಕಾಚಾರ ಹೋಯಿತು. ಉಳಿದದ್ದು ಅವರು ಕಣ್ಣಾರೆ ಕಂಡು, ಊರಿನವರನ್ನು ಕೇಳಿ, ಊರಿನವರ ಹೆಸರಿನಲ್ಲೇ ಬರೆದಿಟ್ಟದ್ದು. ನಮ್ಮ ಕಾಲೇಜಿನ ತಂಗಿ ತಮ್ಮಂದಿರಿಗೆ ನಾನು ಹೇಳುವುದು ಇಷ್ಟೆ. ನಿಮ್ಮೂರ ಕೆರೆಯಲ್ಲಿ ಆಮೆ ಕಂಡರೆ ಮನೆಗೆ ತರಬೇಡಿ. ಬಲೆಯಲ್ಲಿ ಸಿಕ್ಕಿಕೊಂಡಿದ್ದರೆ ಬಿಡಿಸಿ, ಮೇಲೆ ಬಂದು ಉಸಿರಾಡಲಾಗದೆ ಅದು ಸಾಯುತ್ತದೆ. ಯಾರಾದರೂ ಮಾರುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಅದನ್ನು ನಿಮ್ಮ ಮನೆಯಲ್ಲಿ ಏನೆಂದು ಕರೆಯುತ್ತಾರೋ ಆ ಹೆಸರನ್ನು ಒಂದು ಕಡೆ ಬರೆದಿಡಿ. ನಾನು ನನ್ನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ: ಗೂಳೂರು ಕೆರೆ, ಆಮೆ, ಕಛುವಾ, ಒಂದು.